ಹಲಗೆ ಮೇಲಿನ ಬೆಳ್ಳಕ್ಕಿ, ಕಾಣೆಯಾದ ಅರ್ಧ ಮೀಟರ್

ಕಳೆದ ಮಾರ್ಚಿನಲ್ಲಿ ನಾನು ಒಂದು ಹೊಳೆಯ ತಳವನ್ನು ಅರ್ಧ ಮೀಟರ್ ಮೇಲಕ್ಕೆ ಎತ್ತಿದೆ. ಕಾಗದದ ಮೇಲೆ.

ನಾನು ಸರ್ವೆ ಕೆಲಸದವನು. ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಹೊತ್ತು ಗುಡ್ಡ ಹತ್ತಿ ಇಳಿದೆ. ಆಮೇಲೆ ಸಾಲ ಮಾಡಿ ಡ್ರೋನ್ ಕೊಂಡೆ. ಕುಂದಾಪುರ, ಬೈಂದೂರು ಕಡೆ ತೋಟ, ಲೇಔಟ್, ಕಲ್ಲುಕೋರೆ ಇಂಥವುಗಳ ನಕ್ಷೆ ಮಾಡಿಕೊಡುತ್ತೇನೆ. ನೆಲದ ಮೇಲೆ ಇದು ನೆಮ್ಮದಿಯ ಕೆಲಸ. ಗದ್ದೆ ಉಳುವ ಹಾಗೆ ಡ್ರೋನ್ ಸಾಲು ಸಾಲಾಗಿ ಹಾರುತ್ತದೆ, ನೂರಾರು ಫೋಟೊ ತೆಗೆಯುತ್ತದೆ. ಒಂದೇ ಕಲ್ಲು ಏಳೆಂಟು ಫೋಟೊಗಳಲ್ಲಿ ಬೇರೆ ಬೇರೆ ಕಡೆಯಿಂದ ಕಾಣುತ್ತದೆ. ಸಾಫ್ಟ್‌ವೇರ್ ಅವನ್ನೆಲ್ಲ ಹೊಂದಿಸಿ, ಕಲ್ಲು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಹೇಳುತ್ತದೆ. ನಮ್ಮ ಎರಡು ಕಣ್ಣು ಸೇರಿ ಮಾಡುವ ಕೆಲಸವನ್ನೇ ಇಲ್ಲಿ ಮುನ್ನೂರು ಕಣ್ಣು ಸೇರಿ ಮಾಡುತ್ತವೆ ಅಂದುಕೊಳ್ಳಿ.

ಆ ಸಲ ಬಂದದ್ದು ನೀರಿನ ಕೆಲಸ. ಒಂದು ಕಿಂಡಿ ಅಣೆಕಟ್ಟು. ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ: ಹೊಳೆಗೆ ಅಡ್ಡಲಾಗಿ ಕಂಬಗಳು, ಅವುಗಳ ನಡುವೆ ಕಿಂಡಿಗಳು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಮರದ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ಕೀಳುತ್ತಾರೆ. ಹಿಂದೆ ನಿಂತ ನೀರಿನಡಿ ಎಷ್ಟು ಹೂಳು ತುಂಬಿದೆ ಅಂತ ನಾನು ಹೇಳಬೇಕಿತ್ತು. ಮಾರ್ಚಿನಲ್ಲಿ ಅಲ್ಲಿ ನೀರು ಕನ್ನಡಿ. ತಳದ ಮರಳಿನ ಗೆರೆ ಕೂಡ ಮೇಲಿಂದ ಕಾಣುತ್ತಿತ್ತು. ಕಾಣುತ್ತದಲ್ಲ, ಹಾಗಾದರೆ ನಕ್ಷೆಗೂ ಬರುತ್ತದೆ ಅಂತ ಹಾರಿಸಿಯೇ ಬಿಟ್ಟೆ.

ನಕ್ಷೆ ಚಂದ ಬಂತು. ಬಣ್ಣ ಬಣ್ಣದ ನಕ್ಷೆ. ಅದನ್ನು ಟ್ಯಾಬ್‌ನಲ್ಲಿ ತೆಗೆದು ಹಲಗೆ ಹಾಕುವ ಅಜ್ಜನಿಗೆ ತೋರಿಸಿದೆ. ಪಂಚೆ ಎತ್ತಿ ಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಎಂತ ಮಾರಾಯ್ರೆ, ಇಲ್ಲಿ ಇಳಿದ್ರೆ ನಾ ಮುಳುಗ್ತೆ. ನಿಮ್ ನಕ್ಷೆಲಿ ಕುತ್ತಿಗೆ ತನಕ ಅಂತ್ ಇತ್ತ್."

ದೋಣಿಯಲ್ಲಿ ಹೋಗಿ ಅಳತೆ ಕೋಲು ಇಳಿಸಿದೆ. ನಕ್ಷೆಯಲ್ಲಿ 1.4 ಮೀಟರ್ ಇದ್ದ ಜಾಗದಲ್ಲಿ ಕೋಲು 1.9 ತೋರಿಸಿತು. ಅರ್ಧ ಮೀಟರ್ ನೀರು ಎಲ್ಲಿ ಹೋಯಿತು? ಹೂಳಿನ ಲೆಕ್ಕದಲ್ಲಿ ಅರ್ಧ ಮೀಟರ್ ಅಂದರೆ ಸುಮ್ನೆ ಅಲ್ಲ. ಎಷ್ಟೋ ಲಾರಿ ಲೋಡು ಇಲ್ಲದ ಹೂಳಿಗೆ ಯಾರೋ ಬಿಲ್ ಮಾಡಬಹುದು.

ಉತ್ತರ ಹೈಸ್ಕೂಲಿನಲ್ಲೇ ಓದಿದ್ದು ಅನ್ನೋದೇ ನಾಚಿಕೆ. ವಕ್ರೀಭವನ. ಲೋಟದಲ್ಲಿ ಮುರಿದ ಹಾಗೆ ಕಾಣುವ ಚಮಚದ ಚಿತ್ರ ಬಿಡಿಸಿ ಎರಡು ಮಾರ್ಕ್ಸ್ ತಗೊಂಡವನು ನಾನು. ನೀರಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ, ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33, ಹಾಗಾಗಿ ನೇರ ಮೇಲಿಂದ ನೋಡಿದರೆ ತಳ ಮುಕ್ಕಾಲು ಆಳದಲ್ಲಿ ಕಾಣುತ್ತದೆ. 1.9ರ ಮುಕ್ಕಾಲು 1.4. ಇಷ್ಟೇ ಕಥೆ.

ಶಾಲೆಗಿಂತ ಮೊದಲೇ ನನಗೆ ಇದನ್ನು ಹೇಳಿದವರಿದ್ದರು. ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯ ಮೀನು ಗದ್ದೆಗೆ ಹತ್ತುತ್ತದಲ್ಲ, ಆ ರಾತ್ರಿ ಟಾರ್ಚು, ಕತ್ತಿ ಹಿಡಿದು ಊರೆಲ್ಲ ಗದ್ದೆಯಲ್ಲಿರುತ್ತಿತ್ತು. ನಾನು ಬೀಸಿದ ಕತ್ತಿ ಯಾವಾಗಲೂ ಕೆಸರಿಗೆ. ಮಾವ ಹೇಳುತ್ತಿದ್ದರು: ಕಂಡಲ್ಲಿ ಹೊಡಿಬೇಡ, ಕಂಡದ್ದಕ್ಕಿಂತ ಕೆಳಗೆ ಹೊಡಿ. ಎಷ್ಟು ಕೆಳಗೆ ಅಂತ ಕೇಳಿದರೆ, ಹೊಡೀತಾ ಹೊಡೀತಾ ಗೊತ್ತಾಗುತ್ತೆ ಅನ್ನುವವರು. ನನಗೆ ಗೊತ್ತಾಗಲಿಲ್ಲ.

ಕಿಂಡಿ ಅಣೆಕಟ್ಟಿನ ಹಲಗೆ ಮೇಲೆ ಅದು ಗೊತ್ತಿದ್ದವರೊಬ್ಬರು ನಿಂತಿದ್ದರು. ಬೆಳ್ಳಕ್ಕಿ. ಚಿಕ್ಕ ಜಾತಿಯದು. ಕಪ್ಪು ಕಾಲು, ಕಪ್ಪು ಕೊಕ್ಕು, ಪಾದ ಮಾತ್ರ ಹಳದಿ, ಯಾರದೋ ಸಾಕ್ಸ್ ಕದ್ದು ಹಾಕಿಕೊಂಡ ಹಾಗೆ. ನಾನು ಕೋಲು ಇಳಿಸಿ, ಎತ್ತಿ, ಬರೆದು ಒದ್ದಾಡುವ ಹೊತ್ತಿಗೆ ಅದು ಮೂರು ಮೀನು ತಿಂದಿತ್ತು.

ಬಕಧ್ಯಾನ ಅಂತ ನಾವು ಬೈಗುಳಕ್ಕೆ ಬಳಸುವ ಮಾತು. ಕಪಟ, ಸೋಗು, ಹೊರಗೆ ಸಾಧು ಒಳಗೆ ಹೊಟ್ಟೆಬಾಕ ಅಂತೆಲ್ಲ. ಆಮೇಲಿನ ಒಂದು ವಾರ ಬೆಳಗ್ಗೆ ಬೆಳಗ್ಗೆ ಆ ಹಕ್ಕಿಯನ್ನು ನೋಡುತ್ತಾ ಕೂತೆ. ನನಗೇನೋ ಆ ಬೈಗುಳ ಅನ್ಯಾಯ ಅನ್ನಿಸಿತು. ಅದು ಸುಮ್ಮನೆ ನಿಲ್ಲುವುದೇ ಇಲ್ಲ. ಎರಡು ಹೆಜ್ಜೆ ಮುಂದೆ. ಕತ್ತು ಎಡಕ್ಕೆ ವಾಲುತ್ತದೆ. ತಲೆ ಇಷ್ಟೇ ಇಷ್ಟು ಮುಂದೆ ಬರುತ್ತದೆ, ನಿಲ್ಲುತ್ತದೆ. ಮತ್ತೆ ಹಿಂದೆ. ಕೊನೆಗೆ ಒಂದು ಜಾಗಕ್ಕೆ ತಲೆ ಬಂತು ಅಂದರೆ ಮುಗಿಯಿತು, ಆಮೇಲಿನದು ಕಣ್ಣಿಗೆ ಕಾಣುವುದಿಲ್ಲ. ಅದು ಧ್ಯಾನವಲ್ಲ. ಟ್ರೈಪಾಡ್ ಇಡಲು ಜಾಗ ಹುಡುಕುವ ಸರ್ವೆಯವನ ಪರದಾಟ.

ಆ ರಾತ್ರಿಗಳಲ್ಲಿ ಓದಲು ಶುರು ಮಾಡಿದೆ. ನನ್ನ ಅದೃಷ್ಟಕ್ಕೆ ಈ ಪ್ರಶ್ನೆಯನ್ನೇ ಹಿಡಿದು ವರ್ಷಗಟ್ಟಲೆ ಕೂತ ಮನುಷ್ಯನೊಬ್ಬ ಇದ್ದಾನೆ, ಇಸ್ರೇಲಿನ ಗಾಡಿ ಕಟ್ಜಿರ್. 1987ರಲ್ಲಿ ಆತ ಮತ್ತು ನೇಥನ್ ಇಂಟ್ರೇಟರ್ ಸೇರಿ ರೀಫ್ ಹೆರಾನ್ ಎಂಬ ಕಡಲತೀರದ ಬಕ ನೀರೊಳಗಿನ ಬೇಟೆಗೆ ಹೇಗೆ ಕುಕ್ಕುತ್ತದೆ ಅಂತ ಅಳೆದರು. ಈ ಹಕ್ಕಿ ನಮ್ಮ ಪಡುಗಡಲ ತೀರದಲ್ಲೂ ಇದೆ. ಸೀಸದ ಬಣ್ಣದ ಮೈ, ಗಂಟಲಲ್ಲಿ ಬಿಳಿ ಮಚ್ಚೆ. ಗಂಗೊಳ್ಳಿ ಅಳಿವೆ ಕಡೆ ನೋಡಿ, ಕೊಳೆಯಾದ ಬೆಳ್ಳಕ್ಕಿ ಅಂದುಕೊಂಡಿದ್ದೆ. ಕ್ಷಮಿಸು ತಾಯೀ.

ಅವರು ಕಂಡದ್ದು ಹೀಗೆ. ಹಕ್ಕಿ ಬೇಟೆಯ ಕಡೆಗೆ ತಲೆಯನ್ನು ಮೊದಲು ನಿಧಾನಕ್ಕೆ ತರುತ್ತದೆ. ಒಂದು ಹಂತದಲ್ಲಿ ವೇಗವೂ ದಾರಿಯೂ ಬದಲಾಗುತ್ತದೆ, ಅಲ್ಲಿಂದ ಹೊಡೆತ. ಆ ಬದಲಾಗುವ ಜಾಗ ಎಲ್ಲೆಂದರಲ್ಲಿ ಇರುವುದಿಲ್ಲ. ಅಲ್ಲಿಂದ ನೋಡಿದರೆ ಮೀನಿನ ನಿಜವಾದ ಆಳಕ್ಕೂ ಕಾಣುವ ಆಳಕ್ಕೂ ಒಂದು ನೇರ ಸಂಬಂಧ ಇರುತ್ತದೆ. ಅಂದರೆ ಹಕ್ಕಿ ಎಲ್ಲ ಕೋನಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಲೆಕ್ಕ ಸುಲಭವಾಗುವ ಜಾಗಕ್ಕೆ ಕಣ್ಣನ್ನು ಒಯ್ದರೆ ಸಾಕು.

ಇದನ್ನು ಓದಿದಾಗ ರಾತ್ರಿ ಹನ್ನೊಂದೂವರೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಯಾಕೆಂದರೆ ಆ ಹೊತ್ತಿಗೆ ನಾನು ಎರಡನೇ ತಪ್ಪನ್ನೂ ಮಾಡಿ ಮುಗಿಸಿದ್ದೆ. ಹೊಳೆಯ ಆಳವನ್ನು ಆಕಾಶದಿಂದ ಅಳೆಯುವವರ ನಡುವೆ ಒಂದು ಹಳೆಯ ಉಪಾಯ ಇದೆ: ಫೋಟೊದಿಂದ ಬಂದ ಆಳವನ್ನು 1.34ರಿಂದ ಗುಣಿಸು. ನಾನೂ ಗುಣಿಸಿದೆ. ನಡುಹೊಳೆಯಲ್ಲಿ ಸರಿಹೋಯಿತು. ಆದರೆ ಒಂದು ದಂಡೆಯಲ್ಲಿ ಹೊಂಗೆ ಮರಗಳು ನೀರಿನ ಮೇಲೆ ಬಾಗಿವೆ. ಅಲ್ಲಿ ಮೇಲಿಂದ ನೋಡಿದರೆ ಎಲೆ ಮಾತ್ರ. ಹಾಗಾಗಿ ಡ್ರೋನನ್ನು ನಡುಹೊಳೆಯಲ್ಲಿ ನಿಲ್ಲಿಸಿ, ಕ್ಯಾಮೆರಾ 45 ಡಿಗ್ರಿ ಓರೆ ಮಾಡಿ ಕೊಂಬೆಗಳ ಅಡಿಯಿಂದ ಫೋಟೊ ತೆಗೆದಿದ್ದೆ. ಆ ದಂಡೆಯಲ್ಲಿ ಕೋಲು 1.9 ಅಂದರೆ, ಗುಣಿಸಿದ ಮೇಲೂ ನಕ್ಷೆ 1.6 ಅನ್ನುತ್ತಿತ್ತು. ಮೂವತ್ತು ಸೆಂಟಿಮೀಟರ್ ಇನ್ನೂ ಕಾಣೆ.

ಪೆನ್ನು ಹಿಡಿದು ಲೆಕ್ಕ ಮಾಡಿದೆ. ನೇರ ಮೇಲಿಂದ ನೋಡಿದರೆ ಒಂದು ಮೀಟರ್ ಆಳದ ತಳ 75 ಸೆಂಟಿಮೀಟರಿನಲ್ಲಿ ಕಾಣುತ್ತದೆ. ನೆಟ್ಟಗಿನಿಂದ 30 ಡಿಗ್ರಿ ಓರೆಯಾದರೆ 70. ಇಷ್ಟರ ತನಕ ಪರವಾಗಿಲ್ಲ. 45 ಡಿಗ್ರಿಗೆ 63. 60 ಡಿಗ್ರಿಗೆ 49, ಅಂದರೆ ಅರ್ಧ. 75 ಡಿಗ್ರಿಗೆ ಹೋದರೆ ಬರೀ 28. ಮೊದಮೊದಲು ಹೆಚ್ಚೇನೂ ಇಳಿಯುವುದಿಲ್ಲ, ಆಮೇಲೆ ಗುಡ್ಡದಿಂದ ಜಾರಿದ ಹಾಗೆ. 1.34 ಅನ್ನುವುದು ನೆಟ್ಟಗೆ ನೋಡುವವನ ಗುಣಾಕಾರ. ಓರೆಯಲ್ಲಿ ನೋಡಿ ಅದೇ ಗುಣಾಕಾರ ಹಾಕಿದರೆ ಮಾವನ ಪಕ್ಕದಲ್ಲಿ ನಿಂತು ಕೆಸರಿಗೆ ಕತ್ತಿ ಬೀಸುವುದೇ ಗತಿ.

ದಂಡೆಯಲ್ಲಿ ನಿಂತ ಬೆಳ್ಳಕ್ಕಿ ನೀರನ್ನು ಓರೆಯಲ್ಲೇ ನೋಡುತ್ತದೆ ಅಲ್ವಾ? ಹೌದು. ಅದಕ್ಕೇ ಅಷ್ಟು ಉದ್ದ ಕತ್ತು, ಅಷ್ಟು ಎಡ ಬಲ. ಇನ್ನೊಂದು ವಿಷಯ ಗಮನಿಸಿ. ಅದು ನಿಂತು ಬೇಟೆಯಾಡುವುದು ಗೇಣುದ್ದದ ನೀರಿನಲ್ಲಿ. 10 ಸೆಂಟಿಮೀಟರ್ ಆಳದ ಮೀನನ್ನು 60 ಡಿಗ್ರಿ ಓರೆಯಲ್ಲಿ ನೋಡಿದರೂ ತಪ್ಪು 5 ಸೆಂಟಿಮೀಟರ್. ಒಂದು ಪುಟ್ಟ ಮೀನು ತಪ್ಪಿಸಿಕೊಳ್ಳಲು ಅಷ್ಟು ಸಾಕು, ನಿಜ. ಆದರೆ ತಿದ್ದಿಕೊಳ್ಳಲು ಆಗದಷ್ಟು ದೊಡ್ಡದೂ ಅಲ್ಲ.

ಎಲ್ಲ ಬಕಗಳಿಗೂ ಈ ವಿದ್ಯೆ ಒಂದೇ ಸಮ ಬರುವುದಿಲ್ಲ ಅನ್ನೋದು ನನಗೆ ತುಂಬ ಇಷ್ಟವಾದ ಭಾಗ. 1999ರಲ್ಲಿ ಕಟ್ಜಿರ್ ತಂಡ ಗೋವಕ್ಕಿಯನ್ನು ಉಳಿದ ಬಕಗಳ ಜೊತೆ ಹೋಲಿಸಿತು. ಗೋವಕ್ಕಿ ಗೊತ್ತಲ್ಲ, ದನದ ಹಿಂದೆ, ಟ್ರ್ಯಾಕ್ಟರ್ ಹಿಂದೆ ಓಡಾಡಿ ಮಿಡತೆ ಹಿಡಿಯುವುದು. ನೋಡಲು ಬೆಳ್ಳಕ್ಕಿಯ ತಮ್ಮನ ಹಾಗೆ ಇದೆ. ಆದರೆ ನೀರಿನೊಳಗಿನ ಬೇಟೆಗೆ ಕುಕ್ಕು ಅಂದರೆ ಉಳಿದವರಷ್ಟು ಸರಿಯಾಗಿ ಆಗುವುದಿಲ್ಲ. ಅದೇ ಮನೆತನ, ಹೆಚ್ಚುಕಡಿಮೆ ಅದೇ ಕಣ್ಣು. ನೆಲಕ್ಕೆ ಹತ್ತಿ ಬದುಕು ಬದಲಾಯಿಸಿಕೊಂಡ ಮೇಲೆ ನೀರಿನ ಲೆಕ್ಕ ಕೈಬಿಟ್ಟುಹೋಗಿದೆ. ನನ್ನ ಡ್ರೋನೂ ಒಂದು ಗೋವಕ್ಕಿ ಅಂತ ಅವತ್ತೇ ಹೆಸರಿಟ್ಟೆ. ನೆಲದ ಮೇಲೆ ಜಾಣ, ನೀರು ಕಂಡರೆ ಪೆದ್ದ.

ಈಗ ಬಿಸಿಲಿನ ಕಥೆ. ಮೊದಲ ಹಾರಾಟ ಮಾಡಿದ್ದು ನಡುಮಧ್ಯಾಹ್ನ. ಬೆಳಕು ಜಾಸ್ತಿ ಇದ್ದರೆ ತಳ ಚೆನ್ನಾಗಿ ಕಾಣುತ್ತದೆ ಅನ್ನುವ ನನ್ನ ಬುದ್ಧಿವಂತಿಕೆ. ಮಾರ್ಚಿನಲ್ಲಿ ನಮ್ಮ ಊರಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ. ನೇರ ಕೆಳಗೆ ನೋಡುವ ಕ್ಯಾಮೆರಾಕ್ಕೆ ಸೂರ್ಯನ ಪ್ರತಿಬಿಂಬ ಫೋಟೊದ ನಡುವಿನ ಹತ್ತಿರಕ್ಕೇ ಬರುತ್ತದೆ. ನೂರಾರು ಫೋಟೊಗಳ ಮಧ್ಯೆ ಒಂದೊಂದು ಬೆಳ್ಳಿ ತಟ್ಟೆ. ಅದರ ಅಡಿ ಏನೂ ಇಲ್ಲ.

ಅಂತರ್ಜಾಲದ ಪಂಡಿತರ ಮಾತು ಕೇಳಿ, ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್ ತರಿಸಿದೆ. ಎರಡು ಸಾವಿರದ ಮೇಲೆ ಕೊಟ್ಟೆ. ಏನೂ ಆಗಲಿಲ್ಲ. ತಪ್ಪು ಫಿಲ್ಟರಿನದಲ್ಲ. ನೀರಿನ ಮೇಲಿಂದ ಪ್ರತಿಫಲಿಸುವ ಬೆಳಕು ಸುಮಾರು 53 ಡಿಗ್ರಿ ಓರೆಯಲ್ಲಿ ಪೂರ್ತಿ ಪೋಲರೈಸ್ ಆಗಿರುತ್ತದೆ, ಅಂದರೆ ಒಂದೇ ದಿಕ್ಕಿಗೆ ಕಂಪಿಸುತ್ತಿರುತ್ತದೆ, ಅಲ್ಲಿ ಫಿಲ್ಟರ್ ಅದನ್ನು ನುಂಗುತ್ತದೆ. ನೆಟ್ಟಗೆ ಕೆಳಗೆ ನೋಡುವಾಗ ಪೋಲರೈಸ್ ಆಗಿಯೇ ಇರುವುದಿಲ್ಲ, ಫಿಲ್ಟರಿಗೆ ನುಂಗಲು ಏನೂ ಸಿಗುವುದಿಲ್ಲ. ಮೀನು ಹಿಡಿಯುವವರು ದಂಡೆಯಲ್ಲಿ ಹಾಕುವ ಕಪ್ಪು ಕನ್ನಡಕ ಕೆಲಸ ಮಾಡುವುದು ಅವರು ಓರೆಯಲ್ಲಿ ನೋಡುವುದರಿಂದ. ನನ್ನ ತಾಪತ್ರಯ ನೋಡಿ: ವಕ್ರೀಭವನಕ್ಕೆ ಹೆದರಿ ನೆಟ್ಟಗೆ ನೋಡಬೇಕು, ನೆಟ್ಟಗೆ ನೋಡಿದರೆ ಫಿಲ್ಟರ್ ದಂಡ.

ಹಾಗಾದರೆ ಹಕ್ಕಿ ಏನು ಮಾಡುತ್ತದೆ? 1973ರಲ್ಲಿ ಜಾನ್ ಕ್ರೆಬ್ಸ್ ಮತ್ತು ಪಾರ್ಟ್ರಿಜ್ ಎಂಬವರು ನೇಚರ್ ಪತ್ರಿಕೆಯಲ್ಲಿ ಅಮೆರಿಕದ ದೊಡ್ಡ ನೀಲಿ ಬಕದ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ಆ ಬಕ ಬೇಟೆಯಾಡುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಸೂರ್ಯ ಇರುವ ಕಡೆಗೆ. ನೀರಿನ ಮೇಲಿನ ಹೊಳಪು ಬೇಟೆಯ ಮೇಲೆ ಬೀಳದ ಹಾಗೆ ಕಣ್ಣಿನ ಜಾಗ ಬದಲಾಯಿಸುವುದು ಇದರ ಉದ್ದೇಶ ಅಂತ ಅವರ ವಿವರಣೆ. ಆಫ್ರಿಕದ ಕಪ್ಪು ಬಕ ಇನ್ನೂ ಒಂದು ಹೆಜ್ಜೆ ಮುಂದೆ: ರೆಕ್ಕೆ ಎರಡನ್ನೂ ಮುಂದಕ್ಕೆ ತಂದು ಕೊಡೆ ಮಾಡಿ, ತಲೆಯನ್ನು ಅದರೊಳಗೆ ಹಾಕಿ ನಿಲ್ಲುತ್ತದೆ. ಪೆಟ್ಟಿ ಕ್ಯಾಮೆರಾ ಕಾಲದ ಫೋಟೊಗ್ರಾಫರ್ ಕರಿಬಟ್ಟೆಯೊಳಗೆ ಹೊಕ್ಕ ಹಾಗೆಯೇ. ಹೊಳಪು ಹೋಗುತ್ತದೆ. ನೆರಳು ಕಂಡು ಮೀನೂ ಬರುತ್ತದೆ ಅಂತ ಹೇಳುವವರಿದ್ದಾರೆ.

ನಾನೂ ಸೂರ್ಯನನ್ನು ಪಕ್ಕಕ್ಕೆ ಸರಿಸಿದೆ. ಬೆಳಗ್ಗೆ ಎಂಟಕ್ಕೆ ಹಾರಿಸಿದರೆ ಸೂರ್ಯ ಇನ್ನೂ ಕೆಳಗೆ ಇರುತ್ತಾನೆ, ಅವನ ಪ್ರತಿಬಿಂಬ ಚೌಕಟ್ಟಿನ ಹೊರಗೆ ಬೀಳುತ್ತದೆ. ಕಡಲ ಗಾಳಿ ಎದ್ದಿರುವುದಿಲ್ಲ, ನೀರು ಅಲ್ಲಾಡುವುದಿಲ್ಲ. ಬೆಳಕು ಸ್ವಲ್ಪ ಕಮ್ಮಿ, ಪರವಾಗಿಲ್ಲ. ಖರ್ಚು ಸೊನ್ನೆ. ಫಿಲ್ಟರ್ ಈಗ ಮಗಳ ಆಟಿಕೆ ಡಬ್ಬಿಯಲ್ಲಿದೆ.

ಬಯೋಮಿಮಿಕ್ರಿ, ಅಂದರೆ ಜೀವಿಗಳನ್ನು ನೋಡಿ ವಸ್ತು ಮಾಡುವುದು, ಅಂದ ಕೂಡಲೇ ಎಲ್ಲರೂ ಜಪಾನಿನ ಬುಲೆಟ್ ರೈಲಿನ ಕಥೆ ತೆಗೆಯುತ್ತಾರೆ. ಮಿಂಚುಳ್ಳಿಯ ಕೊಕ್ಕು ನೋಡಿ ರೈಲಿನ ಮೂತಿ ಮಾಡಿದರು ಅಂತ. ನಿಜವೇ. ಎಂಜಿನಿಯರ್ ಎಜಿ ನಕಾತ್ಸು ಹಕ್ಕಿ ನೋಡುವ ಹುಚ್ಚಿನವನು, 1997ರಲ್ಲಿ ಓಡಿದ 500 ಸರಣಿಯ ಶಿಂಕಾನ್ಸೆನ್ ಅವನ ತಂಡದ್ದು. ಆದರೆ ಅದು ಆಕಾರದ ಅನುಕರಣೆ. ಕೊಕ್ಕು ಇದ್ದ ಹಾಗೆ ಮೂತಿ. ಅಂಥದ್ದು ಫೋಟೊದಲ್ಲಿ ಪಕ್ಕಪಕ್ಕ ಇಟ್ಟರೆ ಚಂದ ಕಾಣುತ್ತದೆ, ಅದಕ್ಕೇ ಎಲ್ಲ ಪ್ರೆಸೆಂಟೇಷನ್‌ಗಳಲ್ಲೂ ಬರುತ್ತದೆ. ಕಣ್ಣಿನ ವಿಷಯದಲ್ಲೂ ಇದೇ ನಡೆಯುತ್ತಿದೆ. 2024ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಹಕ್ಕಿಯ ಕಣ್ಣು ನೋಡಿ ಒಂದು ಕ್ಯಾಮೆರಾ ಮಾಡಿದರು. ಹಕ್ಕಿಯ ಕಣ್ಣಿನ ನಡುವೆ ದೃಷ್ಟಿ ತೀಕ್ಷ್ಣವಾಗುವ ಗುಳಿ ಇರುತ್ತದಲ್ಲ, ಅದರ ಹಾಗೆ ನಡುವಿನ ಚಿತ್ರವನ್ನು ಹಿಗ್ಗಿಸುವ ರಚನೆ. ಕೆಂಪು, ಹಸಿರು, ನೀಲಿ, ಜೊತೆಗೆ ನೇರಳಾತೀತ ಬೆಳಕನ್ನೂ ಹಿಡಿಯುವ, ಪೆರೊವ್‌ಸ್ಕೈಟ್ ಎಂಬ ವಸ್ತುವಿನ ಪದರಗಳು. ಓದಿ ಬಾಯಿ ಬಿಟ್ಟು ಕೂತೆ. ಅದ್ಭುತವಾದ ಕೆಲಸ.

ಆದರೆ ನನ್ನ ಹೊಳೆಗೆ ಅದನ್ನು ತಂದಿಟ್ಟರೂ ನಕ್ಷೆ 1.4 ಅಂತಲೇ ಹೇಳುತ್ತಿತ್ತು. ಕಣ್ಣುಗುಡ್ಡೆ ಎಷ್ಟೇ ಚೆನ್ನಾಗಿರಲಿ, ಬೆಳಕು ನೀರಿನ ಮೇಲ್ಮೈಯಲ್ಲೇ ಬಾಗಿ ಬಂದಿರುತ್ತದೆ. ಬಕದ ಜಾಣತನ ಕಣ್ಣುಗುಡ್ಡೆಯಲ್ಲಿ ಅರ್ಧ, ಕತ್ತು ಕಾಲುಗಳಲ್ಲಿ ಅರ್ಧ. ನನ್ನನ್ನು ಕೇಳಿದರೆ ಕತ್ತಿನದೇ ಒಂದು ಕೈ ಮೇಲು.

ಕತ್ತು ಅಂದೆನಲ್ಲ. ನಮ್ಮ ಕತ್ತಿನಲ್ಲಿ 7 ಮೂಳೆ. ಬಕಗಳ ಕತ್ತಿನಲ್ಲಿ ಇಪ್ಪತ್ತರ ಆಸುಪಾಸು. ಆರನೆಯದು ಉಳಿದವಕ್ಕಿಂತ ಉದ್ದ, ಅದಕ್ಕೇ ಹಾರುವಾಗಲೂ ನಿಂತಾಗಲೂ ಕತ್ತು ಮಡಚಿದ ಕತ್ತರಿಯ ಹಾಗೆ. ಕಟ್ಜಿರ್ ತಂಡ 2001ರಲ್ಲಿ ಈ ಕತ್ತನ್ನೂ ಪರೀಕ್ಷೆಗೆ ಹಾಕಿತು. ಬಕಗಳನ್ನು ಒಂದು ಕೋಲಿನ ಮೇಲೆ ಕೂರಿಸಿ ಕೋಲನ್ನು ಅಲುಗಾಡಿಸಿದರು. ಮೈ ಆಡುತ್ತದೆ, ತಲೆ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ಇದು ನಿಧಾನದ ತೂಗಾಟಕ್ಕೆ, ಸೆಕೆಂಡಿಗೆ ಒಂದಕ್ಕಿಂತ ಕಮ್ಮಿ ಸಲ ಆಡುವ ಕೋಲಿಗೆ, ಚೆನ್ನಾಗಿ ನಡೆಯುತ್ತದೆ. ಗಾಳಿಗೆ ತೂಗುವ ಕೊಂಬೆ ಹಾಗೆಯೇ ತೂಗುತ್ತದೆ ಅಲ್ವಾ?

ಡ್ರೋನಿನ ಹೊಟ್ಟೆಗೆ ನೇತಾಡುವ ಗಿಂಬಲ್ ಮಾಡುವುದು ಇದನ್ನೇ. ಮೂರು ಪುಟ್ಟ ಮೋಟಾರು, ಮೈ ಎಷ್ಟು ವಾಲಿತು ಅಂತ ಹೇಳುವ ಸೆನ್ಸರ್, ಅಷ್ಟೇ ಹಿಂದಕ್ಕೆ ತಿರುಗಿಸುವ ಲೆಕ್ಕ. 2013ರಲ್ಲಿ ಒಂದು ಕಾರಿನ ಜಾಹೀರಾತಿನಲ್ಲಿ ಕೋಳಿಗಳನ್ನು ಹಿಡಿದು ಕುಣಿಸಿ ತೋರಿಸಿದ್ದರು, ತಲೆ ಮಾತ್ರ ನಿಂತಲ್ಲೇ ಇತ್ತು. ಮಗಳಿಗೆ ಗಿಂಬಲ್ ಅರ್ಥ ಮಾಡಿಸಲು ನಾನೂ ಅಜ್ಜನ ಮನೆ ಹೇಂಟೆ ಹಿಡಿದು ಅದೇ ಪ್ರಯೋಗ ಮಾಡಿದೆ. ಹೇಂಟೆ ಸಹಕರಿಸಿತು. ಅಜ್ಜಿ ಬೈದರು.

ಗಿಂಬಲ್‌ಗೂ ಬಕಕ್ಕೂ ಒಂದು ವ್ಯತ್ಯಾಸ ಇದೆ, ಅಲ್ಲೇ ನನ್ನ ಕೆಲಸ ಇರೋದು. ಗಿಂಬಲ್ ಕ್ಯಾಮೆರಾವನ್ನು ಅಲ್ಲಾಡದ ಹಾಗೆ ಹಿಡಿಯುತ್ತದೆ, ಅಷ್ಟೇ. ಬಕ ಅಲ್ಲಾಡದ ಹಾಗೆ ಹಿಡಿಯುತ್ತದೆ, ಬೇಕಾದಾಗ ಬೇಕೆಂದೇ ಅಲ್ಲಾಡಿಸುತ್ತದೆ ಕೂಡ. ಇನ್ನೂ ಒಂದು. 1994ರಲ್ಲಿ ಗ್ರಹಾಂ ಮಾರ್ಟಿನ್ ಮತ್ತು ಕಟ್ಜಿರ್ ಬಕಗಳು ಎಷ್ಟು ಅಗಲ ನೋಡಬಲ್ಲವು ಅಂತ ಅಳೆದಿದ್ದರು. ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವ ಜಾಗ ಅಡ್ಡಕ್ಕೆ ಕಿರಿದು, ಆದರೆ ಮೇಲಿಂದ ಕೆಳಕ್ಕೆ 170 ಡಿಗ್ರಿ ತನಕ ಚಾಚಿದೆ. ತಲೆ ಬಗ್ಗಿಸದೆ ಕೊಕ್ಕಿನ ಕೆಳಗೆ, ತನ್ನ ಕಾಲಿನ ಹತ್ತಿರದ ನೀರನ್ನು ನೋಡಬಲ್ಲದು. ನಾನು ನನ್ನ ಪಾದ ನೋಡಬೇಕಾದರೆ ತಲೆ ಬಗ್ಗಿಸಬೇಕು, ಈಚೆಗೆ ಹೊಟ್ಟೆಯನ್ನೂ ಸ್ವಲ್ಪ ಒಳಗೆಳೆಯಬೇಕು.

ಸರಿ, ಮೂರನೇ ಹಾರಾಟ. ಬಕದಿಂದ ಕಲಿತದ್ದನ್ನು ನನ್ನ ಭಾಷೆಗೆ ಹೀಗೆ ತಂದುಕೊಂಡೆ. ಎಲ್ಲ ಫೋಟೊಗಳನ್ನೂ ತಿದ್ದಲು ಹೋಗಬಾರದು, ತಿದ್ದಲು ಸುಲಭವಾದ ಫೋಟೊಗಳನ್ನೇ ತೆಗೆಯಬೇಕು. ಕ್ಯಾಮೆರಾ ನೆಟ್ಟಗೆ ಕೆಳಗೆ. ಆದರೂ ಅಗಲದ ಲೆನ್ಸಿಗೆ ಫೋಟೊದ ಅಂಚು 40 ಡಿಗ್ರಿ ಓರೆಯ ತನಕ ಹೋಗುತ್ತದೆ, ಅಲ್ಲಿ ಮೀಟರ್ ನೀರು 66 ಸೆಂಟಿಮೀಟರ್. ಹಾಗಾಗಿ ಪ್ರತಿ ಫೋಟೊದ ಅಂಚು ಕತ್ತರಿಸಿ ಎಸೆದೆ, ನಡುವಿನ ತುಂಡು ಮಾತ್ರ ಇಟ್ಟುಕೊಂಡೆ. ಆಗ ಫೋಟೊಗಳು ಒಂದರ ಮೇಲೊಂದು ಸಾಕಷ್ಟು ಹೊದ್ದುಕೊಳ್ಳುವುದಿಲ್ಲ, ಅದಕ್ಕೆ ಸಾಲುಗಳನ್ನು ಹತ್ತಿರ ಹತ್ತಿರ ಹಾರಿಸಿದೆ. ಎರಡು ಬ್ಯಾಟರಿಯ ಕೆಲಸಕ್ಕೆ ಐದು ಬ್ಯಾಟರಿ ಹೋಯಿತು. ಹೊಂಗೆ ಮರದ ದಂಡೆಗೆ ಡ್ರೋನ್ ಕಳಿಸುವುದನ್ನೇ ಬಿಟ್ಟೆ. ಅಲ್ಲಿ ದೋಣಿ, ಕೋಲು, ನಾನು. ಬಕಕ್ಕೂ ಎಲ್ಲ ಕಡೆ ಬೇಟೆಯಾಡಬೇಕು ಅಂತ ಹಟ ಇಲ್ಲ. ಅನುಕೂಲ ಇಲ್ಲದ ಕಡೆ ಅದು ನಿಲ್ಲುವುದೇ ಇಲ್ಲ.

ಹೆಚ್ಚು ಓದಿದವರು ಇದನ್ನು ನೋಡಿ ನಗಬಹುದು. ಪ್ರತಿ ಫೋಟೊದ ಪ್ರತಿ ಕೋನಕ್ಕೂ ಬೇರೆ ಬೇರೆ ವಕ್ರೀಭವನ ತಿದ್ದುಪಡಿ ಮಾಡುವ ಪ್ರೋಗ್ರಾಂಗಳು ಇವೆ. ನಾಸಾದಲ್ಲಿ ವೇದ್ ಚಿರಾಯತ್ ಎಂಬವರು ಫ್ಲೂಯಿಡ್ ಲೆನ್ಸಿಂಗ್ ಅಂತ ಒಂದು ವಿಧಾನವನ್ನೇ ಮಾಡಿದ್ದಾರೆ. ಅಲೆಗಳು ಬೆಳಕನ್ನು ಬಾಗಿಸುವುದನ್ನೇ ಲೆನ್ಸಿನ ಹಾಗೆ ಬಳಸಿಕೊಂಡು ಹವಳದ ದಿಬ್ಬಗಳ ಸ್ಪಷ್ಟ ಚಿತ್ರ ತೆಗೆಯುವುದು. ಅಂಥ ಕಡೆ ಅಂಥದ್ದೇ ಬೇಕು. ನನ್ನ ಹತ್ತಿರ ಇರುವುದು ಒಂದು ಹಳೇ ಲ್ಯಾಪ್‌ಟಾಪು, ಒಂದು ಹೊಳೆ. ಲೆಕ್ಕ ಬಲವಾಗಿಲ್ಲದವನು ನಿಲ್ಲುವ ಜಾಗವನ್ನಾದರೂ ಸರಿಯಾಗಿ ಆರಿಸಬೇಕು ಅಲ್ವಾ?

ಒಂದು ತೊಂದರೆ ಮಾತ್ರ ಉಳಿಯಿತು. ಬೆಳಗ್ಗೆ ಎಂಟು ಗಂಟೆ ಬೆಳ್ಳಕ್ಕಿಗೂ ಕೆಲಸದ ಹೊತ್ತು. ಡ್ರೋನ್ ಸದ್ದು ಕೇಳಿದರೆ ಅದು ಎದ್ದು ಹೋಗುತ್ತದೆ. ಮೊದಲ ದಿನ ಎಬ್ಬಿಸಿಬಿಟ್ಟೆ, ಬೇಜಾರಾಯಿತು. ಆಮೇಲೆ ಅದು ಹಲಗೆ ಬಿಟ್ಟು ಕೆಳಗಿನ ಗದ್ದೆ ಕಡೆ ಹೋಗುವ ತನಕ ಕಾಯುತ್ತಿದ್ದೆ. ಕೆಲವು ದಿನ ಒಂಬತ್ತಾದರೂ ಹೋಗುತ್ತಿರಲಿಲ್ಲ. ಅಜ್ಜ ಬೀಡಿ ಹಚ್ಚಿ ನನ್ನ ಪಕ್ಕ ಕೂರುತ್ತಿದ್ದರು. ಬಕನನ್ನು ಕಾಯುವ ಬಕ ಅಂತ ಊರಲ್ಲಿ ಹೇಳಿಕೊಂಡು ತಿರುಗಿದ್ದಾರಂತೆ.

ನಕ್ಷೆ ಕೊಟ್ಟೆ. ಕೆಲಸ ಕೊಟ್ಟವರಿಗೆ ಹೂಳು ಕಮ್ಮಿಯಾದದ್ದು ಅಷ್ಟೇನೂ ಖುಷಿ ಕೊಡಲಿಲ್ಲ. ಆ ಮಾತು ಬೇಡ.

ಮೇ ಕೊನೆಗೆ ಹಲಗೆ ಕಿತ್ತರು. ಕಿತ್ತ ದಿನವೇ ಹೋದೆ. ಎರಡು ದಿನದಲ್ಲಿ ಹೊಳೆ ಬಸಿದು ಮರಳು ಮೇಲೆ ಬಂತು. ಲೆವೆಲ್ ಇನ್‌ಸ್ಟ್ರುಮೆಂಟ್ ಇಟ್ಟು ಇಪ್ಪತ್ತಮೂರು ಕಡೆ ತಳವನ್ನು ನೇರವಾಗಿ ಅಳೆದೆ, ನಡುವೆ ನೀರೂ ಇಲ್ಲ, ವಕ್ರೀಭವನವೂ ಇಲ್ಲ. ನಕ್ಷೆಯಲ್ಲಿ ಹೆಚ್ಚಿನವು ಒಂದು ಗೇಣಿನ ಅರ್ಧಕ್ಕಿಂತ ಕಮ್ಮಿ ತಪ್ಪು. ಒಂದು ಕಡೆ ಮಾತ್ರ 40 ಸೆಂಟಿಮೀಟರ್ ವ್ಯತ್ಯಾಸ. ಹೋಗಿ ನೋಡಿದರೆ ಅರ್ಧ ಹೂತ ತೆಂಗಿನ ಬೊಡ್ಡೆ.

ಉಳಿದ ಹೊಂಡಗಳಲ್ಲಿ ಹದಿನೈದು ಇಪ್ಪತ್ತು ಬೆಳ್ಳಕ್ಕಿ. ಪಾದ ಮುಳುಗುವಷ್ಟು ನೀರು, ತಪ್ಪಿಸಿಕೊಳ್ಳಲು ದಾರಿ ಇಲ್ಲದ ಮೀನು. ಹಳದಿ ಪಾದದಲ್ಲಿ ಕೆಸರು ಕಲಕುವುದು, ಕುಕ್ಕುವುದು. ಹತ್ತಿರದ ಒಂದನ್ನು ಎಣಿಸುತ್ತಾ ನಿಂತೆ. ಕುಕ್ಕಿತು, ಸಿಕ್ಕಿತು. ಕುಕ್ಕಿತು, ಸಿಕ್ಕಿತು. ಮೂರನೇ ಸಲ ಕೊಕ್ಕು ಖಾಲಿ ಮೇಲೆ ಬಂತು. ಹಕ್ಕಿ ತಲೆ ಕೊಡವಿ, ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು, ಕತ್ತು ವಾಲಿಸಿ ಮತ್ತೆ ನೋಡಲು ಶುರು ಮಾಡಿತು.

"ಅದಕ್ಕೂ ತಪ್ಪತ್ತ್ ಕಾಣಿ," ಅಂದರು ಅಜ್ಜ, ಕಿತ್ತ ಹಲಗೆಗೆ ಗೇರೆಣ್ಣೆ ಬಳಿಯುತ್ತಾ.